ಗೌರಮ್ಮ ಕೂತಿದ್ದ ಮಿಲ್ಟ್ರಿ ಗಾಡಿ

ಹುಣಸೂರಿನಲ್ಲಿ ನಮ್ಮ ಬೀದಿಯ ಕೊನೆಗೆ ಗ್ಯಾರೇಜು ಇಟ್ಟಿರುವ ಮಂಜುನಾಥನಿಗೆ ಹಳೆಯ ಗಾಡಿಗಳ ಹುಚ್ಚು. ಯಾರದೋ ಹೊಲದಲ್ಲಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಹಿಂದೆ, ಚಕ್ರದ ಸುತ್ತ ಹುತ್ತ ಬೆಳೆದು ನಿಂತಿದ್ದ ಒಂದು ಮಿಲಿಟರಿ ಆಂಬುಲೆನ್ಸನ್ನು ಎತ್ತಿಸಿಕೊಂಡು ಬಂದು, ವರ್ಷಗಟ್ಟಲೆ ಅದರ ಜೊತೆ ಏಗಿ, ಕೊನೆಗೂ ಓಡುವಂತೆ ಮಾಡಿದ. ಅದು ಓಡಿದ್ದೇ ತಡ, ಅದರ ಪೂರ್ವೋತ್ತರ ತಿಳಿಯಬೇಕು ಎಂದು ಹಟ ಹಿಡಿದ. ಯಾವ ಯುದ್ಧಕ್ಕೆ ಹೋಗಿತ್ತು, ಇಲ್ಲಿಗೆ ಹೇಗೆ ಬಂತು, ಯಾರು ಓಡಿಸುತ್ತಿದ್ದರು ಎಂದು ಹಳಬರನ್ನು ಕೇಳುತ್ತ ಹೋದವನಿಗೆ ಹೆಗ್ಗಡದೇವನಕೋಟೆಯಲ್ಲಿ ಯಾರೋ ನನ್ನ ಹೆಸರು ಹೇಳಿದರಂತೆ. ತನ್ನ ಬೀದಿಯಲ್ಲೇ ಇರುವ ಮುದುಕಿ ಎಂದು ತಿಳಿದು ನಗುತ್ತಲೇ ಬಂದ.

"ಅಮ್ಮ, ನೀವು ನರ್ಸಾಗಿದ್ದಾಗ ಇದರಲ್ಲೇ ಓಡಾಡ್ತಿದ್ರಂತೆ. ಒಂದ್ಸಲ ಬಂದು ನೋಡ್ತೀರಾ?"

ಹೋದೆ. ಹಸಿರು ಬಣ್ಣ ಬಳಿದು, ಪಕ್ಕಕ್ಕೆ ಕೆಂಪು ಶಿಲುಬೆ ಬರೆಸಿ, ಮದುಮಗನ ಹಾಗೆ ನಿಲ್ಲಿಸಿದ್ದ. ಇದು ಬೇರೆ ಯಾವುದೋ ಇರಬೇಕು ಅಂದುಕೊಂಡೆ. ಅವನು ಹಿಂದಿನ ಜೋಡಿ ಬಾಗಿಲು ತೆಗೆದ. ಪೆಟ್ರೋಲು, ಹಳೆಯ ಕ್ಯಾನ್‌ವಾಸು, ಕಬ್ಬಿಣ ಎಲ್ಲ ಸೇರಿದ ಒಂದು ವಾಸನೆ ಹೊರಗೆ ಬಂತು. ಎಡಗಡೆ ಹೊನ್ನೆ ಮರದ ಬೆಂಚು. ಅದನ್ನು ಮಾತ್ರ ಅವನು ಬದಲಾಯಿಸಿರಲಿಲ್ಲ. ನಮ್ಮ ಡ್ರೈವರು ಗಫಾರ್ ಸಾಬರು ಕೈಯಾರೆ ಮಾಡಿ ಕೂರಿಸಿದ ಬೆಂಚು ಅದು.

"ಹತ್ತಿ ಕೂತ್ಕೊಳ್ಳಿ, ಫೋಟೋ ತೆಗೀತೀನಿ," ಅಂದ ಮಂಜುನಾಥ. ನನ್ನ ಕೈಲಿ ಆಗಲಿಲ್ಲ. ಮಂಡಿನೋವು ಅಂದುಕೊಂಡ. ಅವನಿಗೆ ಅಂದು ಅರ್ಧಂಬರ್ಧ ಹೇಳಿದೆ. ಮನೆಗೆ ಬಂದ ಮೇಲೆ ಆ ಮಳೆಗಾಲವೆಲ್ಲ ಒಂದೊಂದಾಗಿ ಎದ್ದು ಬಂತು.

ಸ್ವಾತಂತ್ರ್ಯ ಬಂದು ಕೆಲವು ವರ್ಷ ಕಳೆದಿದ್ದ ಕಾಲ. ನಾನು ಕೃಷ್ಣರಾಜನಗರದವಳು. ಮೈಸೂರಿನಲ್ಲಿ ತರಬೇತಿ ಮುಗಿಸಿದ ಕೂಡಲೇ ಹೆಗ್ಗಡದೇವನಕೋಟೆಗೆ ಹಾಕಿದರು. ಕೋಟೆ ಅಂದರೆ ಆಗ ನೌಕರರು ಎದೆ ಹಿಡಿದುಕೊಳ್ಳುತ್ತಿದ್ದರು. ಅಲ್ಲಿಗೆ ಹೋದವರಿಗೆ ಮಲೇರಿಯಾ ತಪ್ಪಿದ್ದಲ್ಲ. ನಮ್ಮಮ್ಮ ಬಸ್ಸಿನ ಹತ್ತಿರ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಕಾಡಂಚಿನ ಹಳ್ಳಿಗಳಿಗೂ ಕಾಡುಜನರ ಹಾಡಿಗಳಿಗೂ ಔಷಧಿ ತೆಗೆದುಕೊಂಡು ಹೋಗಲು, ಕಷ್ಟದ ಹೆರಿಗೆಗಳನ್ನು ಕೋಟೆಗೆ ತರಲು, ಹರಾಜಿನಲ್ಲಿ ಬಂದ ಮಿಲಿಟರಿ ಗಾಡಿಯೊಂದನ್ನು ನಮಗೆ ಕೊಟ್ಟಿದ್ದರು. ಮೇಲೆ ಬಿಳಿ ಸುಣ್ಣದಂಥ ಬಣ್ಣ ಬಳಿದಿದ್ದರೂ ಮಳೆ ಬಿದ್ದಾಗ ಅಡಿಯ ಶಿಲುಬೆ ಮಸುಕಾಗಿ ಕಾಣುತ್ತಿತ್ತು.

ಗಫಾರ್ ಸಾಬರು ಹುಣಸೂರಿನವರು. ಕಾಡಿನಿಂದ ಮರ ಸಾಗಿಸುವ ಲಾರಿ ಓಡಿಸಿ ಪಳಗಿದವರು. ಮಾತು ಕಡಿಮೆ. ಕೆಸರಿನಲ್ಲಿ ಗಾಡಿ ಹೂತುಕೊಂಡರೆ ಮೊದಲು ಕೆಳಗಿಳಿದು ಬೀಡಿ ಹಚ್ಚಿ, ಗಾಡಿಯ ಸುತ್ತ ಒಮ್ಮೆ ನಡೆದು, ಆಮೇಲೆ ಕೆಲಸಕ್ಕೆ ಕೈಹಾಕುವವರು. ಅವರ ಜೊತೆಗಿದ್ದರೆ ನನಗೆ ಭಯವಾಗುತ್ತಿರಲಿಲ್ಲ.

ಬೇಗೂರಿನ ಆಚೆಗೆ ಹೊನ್ನೇಹಳ್ಳಿ ಎಂಬ ಸಣ್ಣ ಊರು. ವಾರಕ್ಕೊಮ್ಮೆ ಅಲ್ಲಿಗೆ ಹೋಗಬೇಕು. ಮೊದಲ ಸಲ ಹೋದಾಗ ಮುಂಗಾರು ಹಿಡಿದಿತ್ತು. ಊರ ಬಾಗಿಲಲ್ಲಿ ಗಾಡಿ ನಿಂತ ಕೂಡಲೇ ಜನ ಸೇರಿದರು. ಅವರ ನಡುವಿನಿಂದ ಕಂಬಳಿ ಹೊದ್ದಿದ್ದ ಒಬ್ಬ ಮನುಷ್ಯ ಮುಂದೆ ಬಂದ. ಗಟ್ಟಿ ಆಳು, ಹಣೆಯಲ್ಲಿ ವಿಭೂತಿ. ಹಿಂಬಾಗಿಲ ಹತ್ತಿರ ಬಂದವನು ಅಲ್ಲೇ ನಿಂತುಬಿಟ್ಟ. ಅವನ ಮುಖ ಬಿಳುಚಿಕೊಂಡಿತ್ತು.

"ಇದೇ ಗಾಡಿ," ಅಂದ. ಯಾರಿಗೂ ಹೇಳಿದ ಹಾಗಿರಲಿಲ್ಲ.

ಅವನ ಹಿಂದೆ ನಿಂತಿದ್ದ ಹೆಂಗಸು ಕೇಳಿದಳು. "ಯಾವ್ದು ನಂಜಪ್ಪ? ನಿಮ್ಮಣ್ಣ ಪ್ರಾಣ ಬುಟ್ಟ ಗಾಡೀನಾ?"

ನಂಜಪ್ಪ ಅವಳ ಕಡೆ ತಿರುಗಿ ನೋಡದೆ ಹೌದೆಂದು ತಲೆಯಾಡಿಸಿದ.

ಊರಿನ ಗೌಡರ ಮನೆಯ ಜಗಲಿಯಲ್ಲಿ ಕೂತಾಗ ವಿಷಯ ತಿಳಿಯಿತು. ನಂಜಪ್ಪ, ಅವನ ಅಣ್ಣ ಮಹದೇವಪ್ಪ ಇಬ್ಬರೂ ಯುದ್ಧದ ಕಾಲದಲ್ಲಿ ರಸ್ತೆ ಕಡಿಯುವ ದಳಕ್ಕೆ ಸೇರಿ ಬರ್ಮಾ ಗಡಿಗೆ ಹೋಗಿದ್ದರು. ತಮ್ಮ ಒಬ್ಬನೇ ವಾಪಸು ಬಂದ. ಅಣ್ಣ ಜ್ವರದಲ್ಲಿ ಆಂಬುಲೆನ್ಸಿನಲ್ಲಿ ಸತ್ತನೆಂದೂ, ತಾನೇ ಬಾಯಿಗೆ ನೀರು ಬಿಟ್ಟು, ಕಣ್ಣು ಮುಚ್ಚಿಸಿ, ವಿಭೂತಿ ಇಟ್ಟು ಮಣ್ಣು ಮಾಡಿದೆನೆಂದೂ ಹೇಳಿದ. ಅತ್ತಿಗೆ ಗೌರಮ್ಮ ಅಂದು ಬಳೆ ಒಡೆದುಕೊಂಡು, ಕುಂಕುಮ ಅಳಿಸಿಕೊಂಡಳು. ಮಕ್ಕಳಿರಲಿಲ್ಲ. ಮೈದುನನ ಮನೆಯಲ್ಲೇ ಒಂದು ಕೋಣೆಯಲ್ಲಿದ್ದಳು.

ನಂಜಪ್ಪ ಹೇಳಿದ ಆ ಒಂದು ಮಾತು ನಮ್ಮ ಕೆಲಸಕ್ಕೆ ಕಲ್ಲಾಗಿ ಕೂತಿತು. ಹೊನ್ನೇಹಳ್ಳಿಯಷ್ಟೇ ಅಲ್ಲ, ಸುತ್ತಿನ ಊರುಗಳಿಗೂ ಸುದ್ದಿ ಹೋಯಿತು. ಮಾತ್ರೆ ಬೇಕಾದರೆ ತೆಗೆದುಕೊಳ್ಳುತ್ತಿದ್ದರು, ಗಾಡಿ ಹತ್ತಲು ಮಾತ್ರ ಯಾರೂ ಒಪ್ಪುತ್ತಿರಲಿಲ್ಲ. "ಹೆಣ ಹೊತ್ತ ಗಾಡಿ ಕಣವ್ವ, ಬಸುರಿ ಹೆಂಗಸು ಹೆಂಗೆ ಹತ್ತಾಳು?" ಎನ್ನುತ್ತಿದ್ದರು. ಆ ತಿಂಗಳು ಒಂದು ಹೆರಿಗೆಯಲ್ಲಿ ತಾಯಿ ಮಗು ಇಬ್ಬರೂ ನನ್ನ ಕಣ್ಣೆದುರೇ ಹೋದರು. ಗಾಡಿ ಮನೆಯ ಮುಂದೆಯೇ ನಿಂತಿತ್ತು. ವಾಪಸು ಬರುವಾಗ ದಾರಿಯುದ್ದಕ್ಕೂ ಅತ್ತೆ. ಕೋಟೆ ಹತ್ತಿರ ಬಂದಾಗ ಗಫಾರ್ ಸಾಬರು ಅಂದರು:

"ಈ ಗಾಡಿ ಎಲ್ಲೆಲ್ಲಿಗೆ ಹೋಗಿತ್ತು ಅಂತ ಪತ್ತೆ ಮಾಡೋಣಮ್ಮ. ನಿಜ ಇದ್ರೆ ನಿಜ. ಸುಳ್ಳಿದ್ರೆ ಜನಕ್ಕೆ ಹೇಳ್ಬೋದು."

ಆದರೆ ನಾವು ಪತ್ತೆ ಮಾಡುವ ಮೊದಲೇ ಗೌರಮ್ಮ ನಮಗೊಂದು ದಾರಿ ಮಾಡಿಕೊಟ್ಟಳು. ಮುಂದಿನ ವಾರ ಹೋದಾಗ ಅವಳು ಹಿಂಬಾಗಿಲಲ್ಲಿ ಬಂದು ನಿಂತಳು. ತಲೆಯ ಮೇಲೆ ಸೆರಗು, ತೆಳ್ಳನೆಯ ಎತ್ತರದ ಹೆಂಗಸು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳಿರಬೇಕು.

"ನರ್ಸವ್ವ, ಒಸಿ ಹೊತ್ತು ಒಳಗೆ ಕೂತ್ಕಳ್ಳಾ?" ಎಂದು ಕೇಳಿದಳು.

"ಮೈ ಹುಷಾರಿಲ್ವಾ?"

"ಚೆಂದಾಗಿವ್ನಿ. ಸುಮ್ಕೆ ಕೂತ್ಕತೀನಿ."

ಹತ್ತಿ ಬೆಂಚಿನ ಮೇಲೆ ಕೂತಳು. ಎದುರಿಗಿದ್ದ ಸ್ಟ್ರೆಚರಿನ ಮೇಲೆ ಅಂಗೈ ಆಡಿಸಿದಳು. ಮಳೆ ತಗಡಿನ ಮೇಲೆ ಸಣ್ಣಗೆ ಬೀಳುತ್ತಿತ್ತು. ನಾನು ಜಗಲಿಯಲ್ಲಿ ಕೂತು ಮಕ್ಕಳ ಹೊಟ್ಟೆ ಒತ್ತಿ ಮಲೇರಿಯಾದ ಜ್ವರಗಡ್ಡೆ ನೋಡುತ್ತಿದ್ದರೂ ನನ್ನ ಕಣ್ಣು ಅವಳ ಮೇಲೇ ಇತ್ತು. ಅವಳು ಅಳಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು. ನಾವು ಹೊರಡುವ ಹೊತ್ತಿಗೆ ತಾನಾಗಿಯೇ ಇಳಿದು ಹೋದಳು.

ಅದರ ಮುಂದಿನ ವಾರವೂ ಬಂದಳು. ಆಮೇಲೆ ಅದೇ ರೂಢಿಯಾಯಿತು. ನಂಜಪ್ಪ ಮಾತ್ರ ಗಾಡಿ ಬಂದ ದಿನ ಹೊಲದ ಕಡೆಗೆ ಹೋಗಿಬಿಡುತ್ತಿದ್ದ. ಗೌರಮ್ಮ ಕೂತು ಎದ್ದು ಬಂದರೂ ಅವಳಿಗೆ ಏನೂ ಆಗದ್ದನ್ನು ಊರು ನೋಡಿತು. ಮೊದಲು ಒಬ್ಬಳು ಮುದುಕಿ ಹತ್ತಿದಳು. ಆಮೇಲೆ ಒಂದು ಜ್ವರದ ಮಗುವಿನ ತಾಯಿ. "ಗೌರಮ್ಮನ ಗಂಡ ಒಳ್ಳೇ ಮನುಷ್ಯ, ಅಂವ ಇದ್ದ ಗಾಡಿ ಏನೂ ಮಾಡದಿಲ್ಲ ಬುಡು," ಎಂದು ಹೆಂಗಸರು ಮಾತಾಡಿಕೊಂಡರು. ಅವಳಿಗೆ ಇದರಿಂದ ಒಂದು ನಮೂನೆ ನೆಮ್ಮದಿ ಬಂದಂತಿತ್ತು. ಒಂದು ದಿನ ಅಂದಳು:

"ಮಣ್ಣು ಮಾಡಿದ ಜಾಗ ನೋಡ್ನಿಲ್ಲ ನಾನು. ಇಲ್ಲಿ ಕೂತ್ರೆ ಗದ್ದುಗೆ ತಾವ ಕೂತಂಗೆ ಆಯ್ತದೆ."

ಪುಷ್ಯ ಮಳೆ ಸುರಿಯುವಾಗ ಗಾಡಿಯ ಕ್ಲಚ್ಚು ಕೆಟ್ಟಿತು. ಗಫಾರ್ ಸಾಬರು ಅದನ್ನು ಹೇಗೋ ಉರುಳಿಸಿಕೊಂಡು ಮೈಸೂರಿಗೆ ಹೋದರು. ಔಷಧಿ ತರಬೇಕಾಗಿದ್ದರಿಂದ ನಾನೂ ಹೋದೆ. ಅಲ್ಲಿ ಒಂದು ಗ್ಯಾರೇಜಿನಲ್ಲಿ ಸೈನ್ಯ ಬಿಟ್ಟು ಬಂದಿದ್ದ ವಯಸ್ಸಾದ ಮೆಕ್ಯಾನಿಕ್ಕು ಒಬ್ಬರಿದ್ದರು. ತಮಿಳಿನವರು. ಗಾಡಿಯ ಅಡಿಗೆ ನುಸುಳಿ ಹೋದವರು ಅಲ್ಲಿಂದಲೇ ನಕ್ಕರು. ಹೊರಗೆ ಬಂದು ಗಫಾರ್ ಸಾಬರ ಭುಜ ತಟ್ಟಿದರು. ಬೆಂಗಳೂರಿನ ಡಿಪೋದಲ್ಲಿ ಈ ಗಾಡಿಯನ್ನು ಜೋಡಿಸಿದ್ದೇ ಅವರ ತಂಡವಂತೆ. ಅಡಿಯಲ್ಲಿ ಅಳತೆಗೆ ಬಾರದ ಒಂದು ಪಟ್ಟಿಯನ್ನು ಬೆಸೆದದ್ದು ಅವರ ಕೈಯಂತೆ, ಅದಕ್ಕೆ ಮೇಲಧಿಕಾರಿಯಿಂದ ಬೈಸಿಕೊಂಡಿದ್ದರಂತೆ.

"ಬರ್ಮಾಕ್ಕೆ ಹೋಗಿತ್ತಾ?" ಎಂದು ನಾನು ಕೇಳಿದೆ.

"ಎಲ್ಲಿ ಬರ್ಮಾ? ಹಡಗಿಂದ ಪೆಟ್ಟಿಗೇಲಿ ಬಂತು. ಬಿಚ್ಚಿ ಜೋಡಿಸೋವಾಗ ಯುದ್ಧ ಮುಗಿದೇ ಹೋಯ್ತು. ಆಮೇಲೆ ಹರಾಜು ಆಗೋವರೆಗೂ ಮರದ ಕೆಳಗೆ ನಿಂತಿತ್ತು ಅಮ್ಮ. ಒಬ್ಬ ಸಿಪಾಯಿನೂ ಇದರಲ್ಲಿ ಮಲಗಿಲ್ಲ."

ವಾಪಸು ಬರುವ ದಾರಿಯಲ್ಲಿ ನಮ್ಮಿಬ್ಬರಿಗೂ ಅದೇ ಯೋಚನೆ. ನಾವು ಹುಡುಕುತ್ತಿದ್ದ ಉತ್ತರ ಸಿಕ್ಕಿತ್ತು. ಅದನ್ನು ಹೊನ್ನೇಹಳ್ಳಿಯಲ್ಲಿ ಹೇಗೆ ಹೇಳುವುದು?

"ಹೇಳೋದು ಬೇಡಮ್ಮ," ಅಂದರು ಗಫಾರ್ ಸಾಬರು. "ಆಯಮ್ಮಂಗೆ ಕೂರೋಕೆ ಒಂದು ಜಾಗ ಸಿಕ್ಕಿದೆ. ಅದನ್ನ ನಾವು ಯಾಕೆ ಕಿತ್ಕೊಳ್ಳೋದು?"

ನಾನೂ ಒಪ್ಪಿದೆ. ನಂಜಪ್ಪನಿಗೆ ಗುರುತು ತಪ್ಪಿರಬೇಕು, ಆ ಕಾಲದಲ್ಲಿ ಒಂದೇ ಥರದ ಗಾಡಿಗಳು ಸಾವಿರಾರು ಇದ್ದವು ಅಂದುಕೊಂಡೆ. ಆದರೆ ಅಂದಿನಿಂದ ಗೌರಮ್ಮ ಸ್ಟ್ರೆಚರು ಸವರುವುದನ್ನು ನೋಡಲು ನನಗಾಗುತ್ತಿರಲಿಲ್ಲ. ಯಾರೂ ಮಲಗಿರದ ಆ ಬಟ್ಟೆಯ ಮೇಲೆ ಅವಳ ಬೆರಳುಗಳು ಏನನ್ನೋ ಹುಡುಕುತ್ತಿದ್ದವು. ನಾನು ಬೆನ್ನು ತಿರುಗಿಸಿ ಕೂರುತ್ತಿದ್ದೆ.

ಆಶ್ಲೇಷ ಮಳೆ ಬಂತು. ಬಿಸಿಲೆಂಬುದೇ ಮರೆತುಹೋಯಿತು. ರಾಗಿ ಹೊಲಗಳಲ್ಲಿ ನೀರು ನಿಂತಿತು, ಕಪಿಲೆ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು, ಕಾಡಿನ ಹಳ್ಳಗಳೆಲ್ಲ ರಸ್ತೆಗೆ ಬಂದವು. ಮನೆಮನೆಯಲ್ಲೂ ಜ್ವರ. ಆ ವಾರ ನಾವು ಹೊನ್ನೇಹಳ್ಳಿ ಮುಟ್ಟುವಷ್ಟರಲ್ಲೇ ಗಾಡಿಯಲ್ಲಿ ಹಾಡಿಯ ಒಬ್ಬ ತಾಯಿ, ಅವಳ ಇಬ್ಬರು ಮಕ್ಕಳು, ಮುಂದಿನ ಸೀಟಿನಲ್ಲಿ ಎಚ್ಚರ ತಪ್ಪುತ್ತಿದ್ದ ಒಬ್ಬ ಅಜ್ಜಿ ಇದ್ದರು. ಊರಲ್ಲಿ ಚಿಕ್ಕತಾಯಿ ಎಂಬ ಹುಡುಗಿಗೆ ಹಿಂದಿನ ದಿನದಿಂದ ನೋವು. ಕೂಸು ಅಡ್ಡ ತಿರುಗಿತ್ತು. ಅವಳನ್ನು ಸ್ಟ್ರೆಚರಿನಲ್ಲಿ ಮಲಗಿಸಿ, ಹಿಡಿದುಕೊಳ್ಳಲು ಗೌರಮ್ಮನನ್ನು ಹತ್ತಿಸಿಕೊಂಡೆವು.

ಬಾಗಿಲು ಹಾಕುವಾಗ ಯಾರೋ ಒಬ್ಬನನ್ನು ನಡೆಸಿಕೊಂಡು ಬಂದರು. ಮರ ಕಡಿಯುವ ಕೆಲಸಕ್ಕೆ ಬಂದಿದ್ದ ಪರ ಊರಿನವನು. ಜ್ವರಕ್ಕೆ ಹಲ್ಲು ಕಟಕಟ ಅನ್ನುತ್ತಿತ್ತು, ಕಣ್ಣು ಹಳದಿಯಾಗಿತ್ತು. ಗಫಾರ್ ಸಾಬರು ಆಗುವುದಿಲ್ಲ ಎಂದು ತಲೆಯಾಡಿಸಿದರು. ಮುಂದೆ ಹಳ್ಳ ದಾಟಬೇಕು, ಇನ್ನೊಬ್ಬರಿಗೂ ಒಳಗೆ ಕಾಲಿಡಲು ಜಾಗವಿರಲಿಲ್ಲ. ಅವನನ್ನು ಹೊಂಗೆ ಮರದ ಬುಡದಲ್ಲಿ ಕೂರಿಸಿದರು. ನಾನು ಮಾತ್ರೆ ಕೊಟ್ಟು, "ಹೆದರ್ಕೋಬೇಡ. ಇವರನ್ನ ಬಿಟ್ಟು ಇನ್ನೊಂದು ಸುತ್ತಿಗೆ ಬರ್ತೀವಿ," ಅಂದೆ.

ಆ ದಿನ ನಂಜಪ್ಪ ಹೊಲಕ್ಕೆ ಹೋಗಿರಲಿಲ್ಲ. ಚಿಕ್ಕತಾಯಿಯನ್ನು ಹೊತ್ತು ತರಲು ಕೈಕೊಟ್ಟವರಲ್ಲಿ ಅವನೂ ಇದ್ದ. ನನ್ನ ಮಾತು ಕೇಳಿ ಅವನು ಗಾಡಿಯ ಬಾಗಿಲು ಹಿಡಿದುಕೊಂಡ.

"ಬರದಿಲ್ಲ ಕಣವ್ವ," ಅಂದ. "ಇನ್ನೊಂದು ಸುತ್ತು ಅಂದೋರು ಬರದಿಲ್ಲ."

"ಬರ್ತೀವಿ ನಂಜಪ್ಪ, ಬಾಗಿಲು ಬಿಡಿ. ಇವಳಿಗೆ ತಡ ಆಗ್ತಿದೆ."

ಅವನು ಬಾಗಿಲು ಬಿಟ್ಟು ಮರದ ಬಳಿಗೆ ಹೋದ. ಆ ಜ್ವರದ ಮನುಷ್ಯನನ್ನು ಬೆನ್ನಿಗೆ ಹಾಕಿಕೊಂಡು, ತನ್ನ ಕಂಬಳಿಯಿಂದ ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಂಡ. ಬಂದು ಹಿಂದಿನ ಮೆಟ್ಟಿಲ ಮೇಲೆ ನಿಂತು ಎರಡೂ ಕೈಯಲ್ಲಿ ಚೌಕಟ್ಟು ಹಿಡಿದ. ಗಫಾರ್ ಸಾಬರು ಇಳಿದು ಬಂದು ಅವನ ಮುಖ ನೋಡಿದರು. ಹೋಗಿ ಗಾಡಿ ಸ್ಟಾರ್ಟ್ ಮಾಡಿದರು.

ಕೋಟೆಯವರೆಗೂ ಅವನು ಹಾಗೇ ನಿಂತಿದ್ದ. ಬಾಗಿಲ ಸಂದಿಯಿಂದ ಅವನ ಮುಖ ಕಾಣುತ್ತಿತ್ತು. ಮಳೆ ಕಣ್ಣಿಗೆ ಹೊಡೆಯುತ್ತಿದ್ದರೂ ಒರೆಸಿಕೊಳ್ಳಲು ಕೈಯಿರಲಿಲ್ಲ. ಹಳ್ಳ ಬಂದಾಗ ಇಳಿದು, ಬೆನ್ನ ಮೇಲಿನ ಭಾರದೊಂದಿಗೇ ತೊಡೆಮಟ್ಟದ ನೀರಿನಲ್ಲಿ ಮುಂದೆ ನಡೆದು, ಎಲ್ಲಿ ನೆಲ ಗಟ್ಟಿ ಎಂದು ಕಾಲಿನಿಂದ ನೋಡುತ್ತ ಗಾಡಿಗೆ ದಾರಿ ತೋರಿಸಿದ. ನೀರು ಗಾಡಿಯೊಳಗೆ ಬಂತು. ಚಿಕ್ಕತಾಯಿ ಗೌರಮ್ಮನ ಕೈಯನ್ನು ಕಚ್ಚಿ ಹಿಡಿದಿದ್ದಳು. ಗೌರಮ್ಮ ಕೈ ಬಿಡಿಸಿಕೊಳ್ಳಲಿಲ್ಲ, ಮುಂದಿನ ಕಿಂಡಿಯಿಂದ, ನೀರಿನಲ್ಲಿ ನಡೆಯುತ್ತಿದ್ದ ಮೈದುನನನ್ನೇ ನೋಡುತ್ತಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರು ಚಿಕ್ಕತಾಯಿಯ ಕೂಸನ್ನು ತಿರುಗಿಸಿ ತೆಗೆದರು. ಇಬ್ಬರೂ ಉಳಿದರು. ಜ್ವರದವನೂ ಉಳಿದ. ನಾನು ಕೈ ತೊಳೆದು ಹೊರಗೆ ಬಂದಾಗ ಸಂಜೆಯ ಬೆಳಕು ಇನ್ನೂ ಇತ್ತು. ಜಗಲಿಯ ಕಂಬಕ್ಕೆ ಒರಗಿ ನಂಜಪ್ಪ ಒದ್ದೆ ಬಟ್ಟೆಯಲ್ಲೇ ಕೂತಿದ್ದ. ಗೌರಮ್ಮ ಎಲ್ಲಿಂದಲೋ ಬಿಸಿ ಕಾಫಿ ತಂದು ಅವನ ಮುಂದೆ ಇಟ್ಟಳು.

"ಯಾಕಪ್ಪ ಅಂಗಾಡ್ದೆ?" ಎಂದು ಮೆಲ್ಲಗೆ ಕೇಳಿದಳು.

ಅವನು ಲೋಟ ಮುಟ್ಟಲಿಲ್ಲ. "ಅತ್ಗೆ, ಅಣ್ಣ ಗಾಡೀಲಿ ಸಾಯ್ನಿಲ್ಲ. ಅಂವ ಗಾಡಿ ಹತ್ಲೇ ಇಲ್ಲ."

ಅವಳು ಅವನ ಎದುರಿಗೆ ನೆಲದ ಮೇಲೆ ಕೂತಳು. ನಾನು ಅಲ್ಲಿಂದ ಹೋಗಬೇಕಿತ್ತು, ಹೋಗಲಿಲ್ಲ.

"ಜ್ವರ ಬಂದು ನಡಿಯಕ್ಕೆ ಆಯ್ತಿರ್ನಿಲ್ಲ ಅಣ್ಣಂಗೆ. ಹಿಂಗೇ ಕೆಂಪು ಗುರ್ತಿನ ಗಾಡಿ ಬಂತು. ತುಂಬೋಗಿತ್ತು. ಇನ್ನೊಂದು ಸುತ್ತಿಗೆ ಬತ್ತೀವಿ, ಇಲ್ಲೇ ಕುಂತಿರ್ಲಿ ಅಂದ್ರು. ಜಪಾನಿನೋರು ಹಿಂದೇನೇ ಅವ್ರೆ ಅಂತ ನಮ್ಮುನ್ನೆಲ್ಲ ಮುಂದಕ್ಕೆ ಅಟ್ಟುದ್ರು. ನಾನು ನಡ್ದೆ ಅತ್ಗೆ. ತಿರುವಿನ ತಾವ ತಿರುಗಿ ನೋಡ್ದೆ. ಮರಕ್ಕೆ ಒರ್ಗಿ ಕುಂತು ನನ್ನೇ ನೋಡ್ತಿದ್ದ."

"ಆಮ್ಯಾಕೆ?"

"ಆಮ್ಯಾಕೆ ಏನೂ ಗೊತ್ತಿಲ್ಲ. ಗಾಡಿ ಬಂತೋ ಇಲ್ವೋ, ಗೊತ್ತಿಲ್ಲ. ಕೇಳುದ್ರೆ ಪತ್ತೆ ಇಲ್ಲ ಅಂದ್ರು."

"ಕಣ್ಣು ಮುಚ್ಚಿಸ್ದೆ ಅಂದಿದ್ದಲ್ಲ."

"ಅಂದಿದ್ದೆ."

"ಇಬೂತಿ ಇಟ್ಟೆ ಅಂದಿದ್ದೆ."

"ಅಂದಿದ್ದೆ ಅತ್ಗೆ. ಪತ್ತೆ ಇಲ್ಲ ಅಂದ್ರೆ ನೀನು ಜಲ್ಮಪೂರ್ತಿ ಬಾಗ್ಲು ಕಾಯ್ತಾ ಕುಂತ್ಬುಡ್ತೀಯ ಅನ್ನುಸ್ತು. ಸತ್ತ ಅಂದ್ರೆ ಅತ್ತು ಸುಮ್ನಾಯ್ತೀಯ ಅನ್ಕಂಡೆ. ಈ ಗಾಡಿ ಊರಿಗೆ ಬಂದಾಗ ಅದೇ ಗಾಡಿ ನನ್ನ ಹುಡಿಕ್ಕಂಡು ಬಂದಂಗಾಯ್ತು."

ಗೌರಮ್ಮ ತನ್ನ ಬರಿಯ ಮುಂಗೈಗಳನ್ನು ನೋಡುತ್ತ ಕೂತಿದ್ದಳು. ಚಿಕ್ಕತಾಯಿಯ ಹಲ್ಲಿನ ಗುರುತು ಅಲ್ಲಿ ನೀಲಿಯಾಗಿತ್ತು. ಆಮೇಲೆ ಎದ್ದು, ಅಂಗಳದಲ್ಲಿ ನಿಂತಿದ್ದ ಗಾಡಿಯ ಹತ್ತಿರ ಹೋಗಿ, ತೆರೆದ ಬಾಗಿಲಿನಿಂದ ಒಳಗೆ ನೋಡಿದಳು. ಹತ್ತಲಿಲ್ಲ.

ಮುಂದಿನ ವಾರ ಹೊನ್ನೇಹಳ್ಳಿಯಲ್ಲಿ ಅವಳನ್ನು ನೋಡಿ ನನಗೆ ಮೈ ಜುಂ ಅಂದಿತು. ಹಣೆಯಲ್ಲಿ ಕುಂಕುಮ, ಕೈತುಂಬ ಹಸಿರು ಬಳೆ. ಊರಿನ ಹಿರಿಯರು ಅವಳನ್ನು ಕರೆಸಿ ಕೇಳಿದ್ದರಂತೆ. "ಅವ್ರು ಸತ್ತುದ್ದ ಕಂಡೋರು ಯಾರಾರ ಇದ್ರೆ ಯೋಳಿ, ಈಗ್ಲೇ ಅಳುಸ್ಕತೀನಿ," ಅಂದಳಂತೆ. ಯಾರೂ ಬಾಯಿ ಬಿಡಲಿಲ್ಲ. ನಂಜಪ್ಪ ಎದ್ದು ಬಂದು ಅತ್ತಿಗೆಯ ಪಕ್ಕದಲ್ಲಿ ನಿಂತುಕೊಂಡನಂತೆ. ಅಲ್ಲಿಗೆ ಆ ಮಾತು ಮುಗಿಯಿತು. ಆದರೆ ಹಬ್ಬ ಮದುವೆಗಳಿಗೆ ಅವಳನ್ನು ಯಾರೂ ಕರೆಯಲಿಲ್ಲ. ವಿಧವೆಯೆಂದು ಕರೆಯುವುದೋ ಮುತ್ತೈದೆಯೆಂದೋ ತಿಳಿಯದೆ ಎಲ್ಲರೂ ದೂರ ಉಳಿದರು.

ಅಂದಿನಿಂದ ಅವಳು ಗಾಡಿಯೊಳಗೆ ಕೂರಲಿಲ್ಲ. ನಾವು ಬರುವ ಹೊತ್ತಿಗೆ ಊರ ಬಾಗಿಲಲ್ಲಿ ನಿಂತಿರುತ್ತಿದ್ದಳು. ಕೋಟೆಯಿಂದ ಗುಣವಾಗಿ ವಾಪಸಾಗುವವರು ಒಬ್ಬೊಬ್ಬರೇ ಇಳಿಯುವಾಗ ಪ್ರತಿ ಮುಖವನ್ನೂ ನೋಡುತ್ತಿದ್ದಳು. ಎಲ್ಲರೂ ಇಳಿದ ಮೇಲೆ ಖಾಲಿ ಗಾಡಿಯೊಳಗೆ ಒಮ್ಮೆ ಬಗ್ಗಿ ನೋಡಿ ಮನೆಗೆ ಹೋಗುತ್ತಿದ್ದಳು. ಅವಳು ಹಾಗೆ ನೋಡುವಾಗ ನಾನೂ ತಿರುಗಿ ನೋಡುತ್ತಿದ್ದೆ. ಒಳಗೆ ಯಾರೂ ಇಲ್ಲವೆಂದು ಗೊತ್ತಿದ್ದರೂ ಕಣ್ಣು ಆ ಕಡೆ ಹೋಗದೆ ಇರುತ್ತಿರಲಿಲ್ಲ. ಇಂದಿಗೂ ಬಸ್ಸಿನ ಹಿಂಬಾಗಿಲಿನಿಂದ ಜನ ಇಳಿಯುವುದನ್ನು ಕಂಡರೆ ಕೊನೆಯವರು ಇಳಿಯುವ ತನಕ ನಿಂತುಬಿಡುತ್ತೇನೆ.

ಮಳೆ ಕಳೆದು ರಾಗಿ ತೆನೆ ಒಡೆಯುವಾಗ ನನಗೆ ಪಿರಿಯಾಪಟ್ಟಣಕ್ಕೆ ವರ್ಗವಾಯಿತು. ಕೊನೆಯ ಸಲ ಹೋದಾಗ ಗೌರಮ್ಮ ನನ್ನನ್ನು ಪಕ್ಕಕ್ಕೆ ಕರೆದಳು.

"ನರ್ಸವ್ವ, ದಿಟ ಯೋಳು. ಈ ಗಾಡಿ ಬರ್ಮಾಕ್ಕೆ ಹೋಗಿತ್ತಾ?"

"ಇಲ್ಲ ಗೌರಮ್ಮ. ಎಲ್ಲೂ ಹೋಗಿರಲಿಲ್ಲ. ವಿಚಾರಿಸಿದೀವಿ."

ಅವಳು ಒಂದು ಗಳಿಗೆ ಯೋಚಿಸಿದಳು. ಮುಖದಲ್ಲಿ ಬೇಸರ ಕಾಣಲಿಲ್ಲ.

"ಅಂಗಾರೆ ಅವ್ರ ಗಾಡಿ ಬೇರೆ ಎಲ್ಲೋ ಅದೆ," ಅಂದಳು. "ಅದು ಆ ಮರದ ತಾವ್ಕೆ ವಾಪಸು ಬಂದಿತ್ತೋ ಏನೋ, ಯಾರು ಕಂಡೋರು."

ನಾನು ಅವಳ ಕೈ ಹಿಡಿದುಕೊಂಡೆ.

ಬಹಳ ವರ್ಷಗಳ ನಂತರ ಹುಣಸೂರಿನ ಸಂತೆಯಲ್ಲಿ ಗಫಾರ್ ಸಾಬರು ಸಿಕ್ಕಿ ಹೇಳಿದರು. ಗೌರಮ್ಮ ಜ್ವರದಲ್ಲಿ ತೀರಿಕೊಂಡಳಂತೆ. ಮಣ್ಣು ಮಾಡುವ ಮೊದಲು ಊರಿನವರು ಹಣೆಯ ಕುಂಕುಮ ಒರೆಸಬೇಕು ಅಂದರಂತೆ. ಆ ಹೊತ್ತಿಗೆ ಪೂರ್ತಿ ಮುದುಕನಾಗಿದ್ದ ನಂಜಪ್ಪ ಯಾರನ್ನೂ ಹತ್ತಿರ ಬಿಡಲಿಲ್ಲವಂತೆ. "ನಮ್ಮಣ್ಣ ಸತ್ತುದ್ದ ನಾನು ಕಂಡಿಲ್ಲ," ಎಂದು ಹೇಳಿ, ತಾನೇ ಅತ್ತಿಗೆಯ ಹಣೆಗೆ ಹೊಸದಾಗಿ ಕುಂಕುಮ ಇಟ್ಟು, ಮುತ್ತೈದೆಯಾಗಿಯೇ ಅವಳನ್ನು ಗುಂಡಿಗೆ ಇಳಿಸಿದನಂತೆ.